ಐದನೇ ಜ್ವರ

ಕಣ್ಣು ಬಿಡುವ ಮೊದಲೇ ಮಂಗಳಮ್ಮಣ್ಣಿ ಬೆರಳು ಮಡಿಸಿ ನೋಡಿದಳು. ಮಡಿಯಲಿಲ್ಲ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬುಡದಲ್ಲಿ ಬಿಗಿದುಕೊಂಡು, ಯಾರದೋ ಕೈಯನ್ನು ತಂದು ತನ್ನ ಮಣಿಕಟ್ಟಿಗೆ ಕಟ್ಟಿದ ಹಾಗಿದ್ದವು. ಎಡಗೈಯೂ ಅಷ್ಟೆ. ಕೆನ್ನೆಗೆ ಒತ್ತಿಕೊಂಡರೆ ಬಿಸಿ. ಸದ್ಯ ಬಂತು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬೇರೆ ಹೆಂಗಸರು ಬೆಳಿಗ್ಗೆ ಎದ್ದು ಅಂಗೈ ನೋಡಿಕೊಂಡು ದೇವರನ್ನು ನೆನೆಯುತ್ತಾರೆ, ಇವಳು ಊತ ಹುಡುಕುತ್ತಾಳೆ. ಹೋದ ವಾರವೆಲ್ಲ ಅದು ಅವಳನ್ನು ಆಟ ಆಡಿಸಿತ್ತು. ನಸುಕಿನಲ್ಲಿ ಬರುತ್ತಿತ್ತು, ಅತ್ತೆ ಕೊಟ್ಟಿಗೆ ಕೆಲಸ ಮುಗಿಸಿ ಒಳಗೆ ಬರುವ ಹೊತ್ತಿಗೆ ಇಳಿದುಹೋಗುತ್ತಿತ್ತು, ಸಾಕ್ಷಿ ಹೇಳುತ್ತೇನೆಂದು ಜೊತೆಯಲ್ಲಿ ಬಂದವನು ಕೋರ್ಟಿನ ಬಾಗಿಲಲ್ಲಿ ತಪ್ಪಿಸಿಕೊಂಡ ಹಾಗೆ. ಇವತ್ತು ಹಾಗಲ್ಲ. ಇವತ್ತಿನದು ಸಂಜೆಯವರೆಗೂ ನಿಲ್ಲುವ ಊತ. ಎದ್ದು ಕೂರಲು ಹೋದಾಗ ಮೊಣಕಾಲಿನಲ್ಲೂ ಅದು ಕೂತಿರುವುದು ತಿಳಿಯಿತು. ಮೊಣಕಾಲನ್ನು ಅವಳು ಕೇಳಿರಲಿಲ್ಲ. ಹಿತ್ತಿಲಿನ ಹುಳದ ಮನೆಯಿಂದ ಅತ್ತೆಯ ಕೂಗು ಬಂತು: "ಹಣ್ಣಾಗವೆ ಕಣ್ರಪ್ಪೋ! ಎದ್ದೇಳಿ, ಎದ್ದೇಳಿ, ಹುಳ ಹಣ್ಣಾಗವೆ!"

ಹಣ್ಣಾಗುವುದೆಂದರೆ ಹುಳ ಸೊಪ್ಪು ತಿನ್ನುವುದು ಬಿಟ್ಟು, ಮೈಯೆಲ್ಲ ತಿಳಿಹಳದಿಗೆ ತಿರುಗಿ, ತಲೆಯೆತ್ತಿ ಆಚೀಚೆ ತೂಗುತ್ತ ಗೂಡು ಕಟ್ಟಲು ಜಾಗ ಹುಡುಕುವ ದಿನ. ಅವತ್ತೇ ಒಂದೊಂದನ್ನೂ ಬೆರಳಲ್ಲಿ ನೋಯಿಸದೆ ಎತ್ತಿ ಚಂದ್ರಿಕೆಗೆ, ಅದೇ ಬಿದಿರು ಚಾಪೆಯ ಮೇಲೆ ಸುರುಳಿ ಹೊಲಿದ ತಟ್ಟೆಗೆ, ಬಿಡಬೇಕು. ತಡಮಾಡಿದರೆ ನೂಲು ಮಣ್ಣುಪಾಲು. ಮಾಂಬಳ್ಳಿಯಲ್ಲಿ ಹುಳ ಸಾಕುವ ಮನೆಯವರಿಗೆ ಅವತ್ತು ಕೈ ಬೇಕು, ಎಷ್ಟಿದ್ದರೂ ಸಾಲದಷ್ಟು ಕೈ. ಮಂಗಳಮ್ಮಣ್ಣಿ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ದೊಡ್ಡಬಸಮ್ಮ ಊರೆಲ್ಲ ಹೇಳಿಕೊಂಡು ತಿರುಗಿದ್ದಳು: "ನಮ್ ಸೊಸೆ ಕೈ ಅಂದ್ರೆ ಹುಳಕ್ಕೆ ತಾಯಿ ಕೈ ಕಣ್ರವ್ವ." ಆ ಮಾತಿಗೆ ಹಿಗ್ಗಿ ಎಷ್ಟು ವರ್ಷ ದುಡಿದಳು! ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಮೊಸರು ಯಾರ ಬಾಯಿಗೆ ಬಿತ್ತು ಎಂದು ಅವಳು ಯಾವತ್ತೂ ಕೇಳಿದವಳಲ್ಲ. ಹಣ್ಣಾಗುವ ಮುಂಚೆ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಪೊರೆ ಬಿಡುವುದಕ್ಕೆ ಈ ಸೀಮೆಯಲ್ಲಿ ಜ್ವರ ಎಂದೇ ಹೆಸರು. ಮುಂದಲೆ ಎತ್ತಿಕೊಂಡು, ಸೊಪ್ಪು ಮುಟ್ಟದೆ, ಕದಲದೆ ಕೂತುಬಿಡುತ್ತದೆ. ಆಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ, ಒಗ್ಗರಣೆಯ ಘಾಟು ಆ ಕಡೆ ಹೋಗುವಂತಿಲ್ಲ, ಕೈಕಾಲಿಗೆ ನೋವಿನೆಣ್ಣೆ ಹಚ್ಚಿಕೊಂಡವರು ಹೊಸ್ತಿಲು ದಾಟುವಂತಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ತುಟಿಗೆ ಬೆರಳಿಟ್ಟು "ಸದ್ದು ಮಾಡ್ಬ್ಯಾಡಿ, ಜ್ವರಕ್ಕೆ ಕೂತವೆ" ಎನ್ನುತ್ತಾಳೆ. ಅವು ತಾವಾಗಿ ತಲೆ ಅಲ್ಲಾಡಿಸುವವರೆಗೆ ಯಾರೂ ಎಬ್ಬಿಸುವುದಿಲ್ಲ, ಮೈಗಳ್ಳ ಹುಳ ಎಂದು ಯಾರೂ ಬೈಯುವುದಿಲ್ಲ. ನಾಲ್ಕನೇ ಜ್ವರದ ದಿನ ಮಂಗಳಮ್ಮಣ್ಣಿ ಸಾಲುಸಾಲು ತಟ್ಟೆಗಳ ನಡುವೆ ನಿಂತು ಹುಳಗಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳು. ಮನುಷ್ಯ ಜನ್ಮ ಎತ್ತಿ ಹುಳದ ಮೇಲೆ ಹೊಟ್ಟೆಕಿಚ್ಚು. ಇದನ್ನು ಯಾರಿಗೆ ಹೇಳುವುದು?

ಏಳಲಾರದೆ ಮಲಗಿರುವುದು ಅಂದರೆ ಏನೆಂದು ಹೇಳಲು ಅವಳಿಗೆ ಮಾತೇ ಸಿಕ್ಕಿರಲಿಲ್ಲ. ಎದೆಯ ಮೇಲೆ ಒರಳುಕಲ್ಲು ಇಟ್ಟ ಹಾಗಿದ್ದಿದ್ದರೆ ಭಾರ ಎನ್ನಬಹುದಿತ್ತು. ಹಾಗೂ ಅಲ್ಲ. ತಲೆ ಬಾಚಿಕೊಳ್ಳಬೇಕು, ಬಾಚಣಿಗೆ ಗೋಡೆಯ ಗೂಡಿನಲ್ಲಿದೆ, ಗೂಡು ಎರಡು ಮಾರು ದೂರದಲ್ಲಿದೆ. ಆ ಎರಡು ಮಾರು ಬಿಳಿಗಿರಿರಂಗನ ಬೆಟ್ಟದಷ್ಟು ಆಗಿಬಿಡುತ್ತಿತ್ತು. ಗೋಡೆಗೆ ಮುಖ ಮಾಡಿ, ಸುಣ್ಣ ಎದ್ದುಹೋದ ಜಾಗ ಯಾವ ಊರಿನ ಆಕಾರ ಎಂದು ನೋಡುತ್ತ, ಮಧ್ಯಾಹ್ನವಾಗುತ್ತಿತ್ತು. ಅಳು ಬರುತ್ತಿರಲಿಲ್ಲ. ಬಂದಿದ್ದರೆ ಅದನ್ನಾದರೂ ತೋರಿಸಬಹುದಿತ್ತು. ಮೊದಲನೇ ಸಲ ಕೀಲು ಊದಿದಾಗ ಹೀಗಿರಲಿಲ್ಲ, ಅಥವಾ ಹೀಗೇ ಇತ್ತೋ ಏನೋ, ಊತದ ಮರೆಯಲ್ಲಿ ಯಾರಿಗೂ ಕಾಣಲಿಲ್ಲ. ಆಗ ರಕ್ತ ಪರೀಕ್ಷೆಯಾಯಿತು, ಕೀಲುವಾತ ಎಂದರು, ಅದೂ ವಯಸ್ಸಾದವರ ಸವೆತದ್ದಲ್ಲ, ಮೈಯೇ ಮೈಯನ್ನು ಸುಡುವ ಜಾತಿಯದು ಎಂದರು. ಊರಿನ ಹೆಂಗಸರು ಬಂದು ಬೆರಳು ಮುಟ್ಟಿ ನೋಡಿ ಲೊಚಗುಟ್ಟಿದರು. ಅತ್ತೆ ಮಾದಪ್ಪನಿಗೆ ಹರಕೆ ಕಟ್ಟಿಕೊಂಡು, ಮಲಗಿದ್ದಲ್ಲಿಗೇ ಮುದ್ದೆ ತಂದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟಳು. ಆಮೇಲೆ ವಾರಕ್ಕೊಂದು ದಿನ ನುಂಗುವ ಹಳದಿ ಮಾತ್ರೆ ಬಂತು. ಒಂದು ಮಳೆಗಾಲ ಕಳೆಯುವುದರೊಳಗೆ ಬೆರಳು ಇಳಿದವು, ಬಳೆ ಹತ್ತಿತು, ಎಲ್ಲರಿಗೂ ಸಂತೋಷವಾಯಿತು. ಅವಳೊಬ್ಬಳು ಗೋಡೆಯ ಕಡೆಗೇ ಉಳಿದಳು. ಹನೂರಿನ ತವರಿಗೆ ಹೋದಾಗ ಅತ್ತಿಗೆ ಕಾಫಿ ಲೋಟ ಕೈಗೆ ಕೊಟ್ಟು, ಲೋಟ ಹಿಡಿದ ರೀತಿಯನ್ನು ನೋಡಿ, "ಕೈ ಚೆನ್ನಾಗೇ ಅದಲ್ಲ ನಾದ್ನಿ, ಇನ್ಯಾಕೆ ಮಕ ಹಿಂಗೆ?" ಅಂದಳು. ಮನೆ ಅದೆ, ನೀರಾವರಿ ಅದೆ, ಕುಡಿಯದ ಗಂಡ ಅವನೆ, ಮಗಳು ಕೊಳ್ಳೇಗಾಲದ ಹಾಸ್ಟೆಲಿನಲ್ಲಿ ಓದುತ್ತಾ ಅವಳೆ, ಏನು ಕೊರತೆ ನಿಂಗೆ? ಕೊರತೆ ಏನೆಂದು ಅವಳೂ ಹುಡುಕಿದಳು. ಸಿಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಅಂಗೈಯಲ್ಲಿ ಇಲ್ಲದ ಹುಣ್ಣಿನವರು ಏನು ಮಾಡಬೇಕೋ ಗಾದೆ ಮಾಡಿದವರು ಹೇಳಿಲ್ಲ.

ಹೇಳಿದವಳು ಒಬ್ಬಳಿದ್ದಳು, ಕೊಳ್ಳೇಗಾಲಕ್ಕೆ ತಿಂಗಳಿಗೆರಡು ಶನಿವಾರ ಮೈಸೂರಿನಿಂದ ಬರುವ ಕೀಲಿನ ಡಾಕ್ಟರಮ್ಮ. ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ತುಂಬ ಚೆನ್ನಾಗಿದೆ ಎಂದು ಬರೆದುಕೊಂಡು, ಪೆನ್ನು ಕೆಳಗಿಟ್ಟು ಅವಳ ಮುಖವನ್ನೇ ನೋಡಿದಳು. "ನಿದ್ದೆ ಬರುತ್ತಾ ಅಮ್ಮಾ? ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸ ಈಗಲೂ ಇಷ್ಟ ಆಗುತ್ತಾ?" ಗಂಡ ಷಡಕ್ಷರಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ, ತೊಡೆಯ ಮೇಲೆ ಮಾತ್ರೆಯ ಚೀಲ. "ಏನಿಲ್ಲ ಮೇಡಂ, ಚೆನ್ನಾಗವಳೆ. ಸ್ವಲ್ಪ ಯೋಚ್ನೆ ಮಾಡ್ತಾಳೆ ಅಷ್ಟೆ" ಎಂದ. ಡಾಕ್ಟರಮ್ಮ ಅವನ ಕಡೆ ತಿರುಗಲಿಲ್ಲ. "ಕೀಲನ್ನ ಊದಿಸೋ ಉರಿ ರಕ್ತದಲ್ಲಿ ಓಡಾಡ್ತಾ ಇರುತ್ತೆ ಅಮ್ಮಾ. ರಕ್ತ ಬರೀ ಕೈಗೆ ಹೋಗಲ್ಲ, ತಲೆಗೂ ಹೋಗುತ್ತೆ. ಈ ಕಾಯಿಲೆ ಇರೋ ತುಂಬ ಜನಕ್ಕೆ ಮನಸ್ಸು ಕುಗ್ಗುತ್ತೆ. ಮನಸ್ಸು ಕುಗ್ಗಿದ್ರೆ ನೋವೂ ಜಾಸ್ತಿ ಆಗುತ್ತೆ. ಕೈ ಇಳಿದ ಮೇಲೂ ಅದು ಹಾಗೇ ಉಳೀಬಹುದು. ಅದು ನಿಮ್ಮ ತಪ್ಪಲ್ಲ, ಸೋಮಾರಿತನ ಅಲ್ಲ. ಅದಕ್ಕೂ ಔಷಧಿ ಇದೆ." ಸೋಮಾರಿತನ ಅಲ್ಲ. ಆ ಮಾತನ್ನು ಅಲ್ಲಿಯವರೆಗೆ ಯಾರೂ ಅವಳಿಗೆ ಅಂದಿರಲಿಲ್ಲ. ಬಾಯಿಬಿಟ್ಟಿದ್ದರೆ ಎಲ್ಲ ಹೊರಗೆ ಬರುತ್ತಿತ್ತು. ಗಂಡನ ಮೊಣಕಾಲು ಅಲುಗುತ್ತಿತ್ತು, ಗೋಡೆಯ ಮೇಲೆ ಮನುಷ್ಯನ ಎಲುಬುಗಳ ಚಿತ್ರ, ಬಾಗಿಲಾಚೆ ಯಳಂದೂರಿನ ಕಡೆಯ ಪರಿಚಯದ ಮುಖಗಳು. "ಚೆನ್ನಾಗಿದೀನಿ" ಅಂದುಬಿಟ್ಟಳು. "ಒಂದು ಸಲ ಒಬ್ಬರೇ ಬನ್ನಿ" ಎಂದಳು ಡಾಕ್ಟರಮ್ಮ, ಎದ್ದು ಹೊರಡುವಾಗ. ವಾಪಸು ಬರುವ ಬಸ್ಸಿನಲ್ಲಿ ಷಡಕ್ಷರಿ ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ತಲೆ ಮಾತ್ರೆ ಗಿಲೆ ಮಾತ್ರೆ ಬ್ಯಾಡ ಮಂಗಳ. ಬೆಳ್ದ ಹೆಣ್ಮಗು ಅದೆ. ನಾಳೆ ಗಂಡಿನ ಕಡೆಯೋರು ಯಾರಾರ ವಿಚಾರಿಸುದ್ರೆ ಏನಂತ ಹೇಳಾದು?" ಎಂದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನನ್ನಾದರೂ ಬೈದುಕೊಂಡು ಎದ್ದಿರಬಹುದಿತ್ತು.

ಇವತ್ತು ಎದ್ದು ಮುಖ ತೊಳೆಯಲು ಹೋದರೆ ನಲ್ಲಿಯ ತಿರುಪು ತಿರುಗಲಿಲ್ಲ. ಮೊಣಕೈಯಿಂದ ತಳ್ಳಿದಳು. ರವಿಕೆಯ ಗುಂಡಿ ಹಾಕಿಕೊಳ್ಳಲು ಆಗದೆ ಸೆರಗು ಸುತ್ತಿಕೊಂಡು ಹಿತ್ತಿಲಿಗೆ ಬಂದಾಗ ಷಡಕ್ಷರಿ ಆಳು ಕರೆಯಲು ಹೊರಟಿದ್ದ. ಅವನ ನಡಿಗೆಯಲ್ಲೇ ಅಳುಕಿತ್ತು. ಹುಳ ಎತ್ತುವುದಕ್ಕೆ ಈ ಊರಿನಲ್ಲಿ ಕೂಲಿಯವರನ್ನು ಕರೆಯುವುದಿಲ್ಲ, ಮುಯ್ಯಾಳು. ನಿಮ್ಮ ಮನೆಯ ಹುಳ ಹಣ್ಣಾದ ದಿನ ನಾನು ಬರುತ್ತೇನೆ, ನಮ್ಮ ಮನೆಯದು ಹಣ್ಣಾದ ದಿನ ನೀವು ಬನ್ನಿ. ಮದುವೆ ಮನೆಯ ಮುಯ್ಯಿ ಮರೆತರೂ ಜನ ಹುಳದ ಮನೆಯ ಮುಯ್ಯಿ ಮರೆಯುವುದಿಲ್ಲ. ಊತ ಇದ್ದಷ್ಟು ಕಾಲ ಯಾರೂ ಅವಳಿಂದ ಮುಯ್ಯಿ ಬಯಸಲಿಲ್ಲ, ತಾವೇ ಬಂದು ಎತ್ತಿಕೊಟ್ಟು ಹೋದರು. ಕೈ ಇಳಿದ ಮೇಲೆ ಮಾತು ಬೇರೆ. ದೀಪಾವಳಿಯ ಹಿಂದಿನ ವಾರ ಪಕ್ಕದ ಬೀದಿಯ ಕೆಂಪಾಜಮ್ಮನ ಹುಳ ಹಣ್ಣಾದವು. ಹೇಳಿಕಳಿಸಿದಳು. ಬರುತ್ತೇನೆ ಎಂದು ಮಂಗಳಮ್ಮಣ್ಣಿ ನಿಜವಾಗಿಯೂ ಅಂದಿದ್ದಳು, ನಿಜವಾಗಿಯೂ ಹೋಗಬೇಕೆಂದಿದ್ದಳು. ಚಾಪೆಯ ಮೇಲೆ ಮಲಗಿಯೇ ಬಿಸಿಲು ಬಾಗಿಲಿನಿಂದ ಕಿಟಕಿಗೆ ಹೋಗುವುದನ್ನು ನೋಡಿದಳು. ಮಾರನೇ ದಿನ ಕೆಂಪಾಜಮ್ಮ ಅಂಗಳದಲ್ಲಿ ನಿಂತಿದ್ದಳು, ಸೊಂಟದ ಮೇಲೆ ಕೈ. "ನಾಕು ಬೆಳೆಗೆ ನಿಮ್ಮನೆಗೆ ಬಂದ್ನಲ್ಲ ಅಮ್ಮಣ್ಣಿ. ನಮ್ಮನೆಗೆ ಒಂದಿನ ಬರಾಕಾಗ್ನಿಲ್ವ ನಿಂಗೆ? ಎಷ್ಟು ಹುಳ ನೆಲದ ಮೇಲೇ ನೂಲು ಬುಟ್ಟೋ ಗೊತ್ತಾ?" ಮಂಗಳಮ್ಮಣ್ಣಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗಿಂದ ಬಂದು, ಸೊಸೆಯ ಮಣಿಕಟ್ಟು ಹಿಡಿದು, ಸಂತೆಯಲ್ಲಿ ಬದನೆಕಾಯಿ ಎತ್ತಿ ತೋರಿಸುವಂತೆ ಕೈಯನ್ನು ಎತ್ತಿ ಹಿಡಿದಳು. "ನೀನೇ ನೋಡವ್ವ ಕೆಂಪಾಜಮ್ಮ. ಏನಾಗದೆ ಈ ಕೈಗೆ? ಮದ್ಲಗಿತ್ತಿ ಕೈ ಇದ್ದಂಗದೆ. ಬಿದ್ಕಳಾದು ಒಂದು ರುಚಿ ಹತ್ತೋದ್ರೆ ಬಿಡಾಕಿಲ್ಲ ಕಣವ್ವ." ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಬಿಸಿಲಿನಲ್ಲಿ ಎತ್ತಿಹಿಡಿದ ಆ ಕೈಯನ್ನು ಮಂಗಳಮ್ಮಣ್ಣಿಯೂ ನೋಡಿದಳು. ನಿಜ, ಚೆನ್ನಾಗಿತ್ತು. ತನ್ನ ಮೇಲೆ ಚಾಡಿ ಹೇಳುವಷ್ಟು ಚೆನ್ನಾಗಿತ್ತು. ಆ ಭಾನುವಾರ ಷಡಕ್ಷರಿ ವಾರದ ಹಳದಿ ಮಾತ್ರೆಗಳನ್ನು ಅಂಗೈಗೆ ಹಾಕಿ ನೀರು ಕೊಟ್ಟು ಅತ್ತ ತಿರುಗಿದಾಗ ಅವಳು ಮುಷ್ಟಿ ಮುಚ್ಚಿದಳು, ಬರೀ ನೀರು ಕುಡಿದಳು. ಮುಷ್ಟಿಯಲ್ಲಿದ್ದದ್ದು ಹುಳದ ಕಸದ ಜೊತೆ ತಿಪ್ಪೆಗೆ ಹೋಯಿತು. ಆಮೇಲಿನ ಭಾನುವಾರಗಳಲ್ಲೂ ಅಷ್ಟೆ. ಮಾತ್ರೆ ಬಿಟ್ಟರೆ ಬೆರಳು ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ನೆಟ್ಟಗಾಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ಅವಳಿಗೆ ಮರೆತಿರಲಿಲ್ಲ. ಸೊಟ್ಟಗಾಗಲಿ. ಸೊಟ್ಟ ಬೆರಳು ಎಲ್ಲರ ಕಣ್ಣಿಗೂ ಕಾಣುತ್ತದೆ.

ಷಡಕ್ಷರಿ ಬರಿಗೈಯಲ್ಲಿ ಬಂದ. "ಕೆಲ್ಸ ಅದೆ ಅಂದ್ರು" ಎಂದು ಯಾರ ಕಡೆಯೂ ನೋಡದೆ ಹೇಳಿದ. ತಟ್ಟೆಗಳಲ್ಲಿ ಹುಳಗಳು ತಲೆಯೆತ್ತಿ ತೂಗುತ್ತಿದ್ದವು, ಕೆಲವು ಆಗಲೇ ಸೊಪ್ಪಿನ ಕಡ್ಡಿಗೆ ನೂಲು ಅಂಟಿಸಲು ಶುರುಮಾಡಿದ್ದವು. ಅತ್ತೆ ಎರಡೂ ಕೈಯಲ್ಲಿ ಬಾಚುತ್ತಾ, ಬಾಯಲ್ಲಿ ಎಲ್ಲರನ್ನೂ ಶಪಿಸುತ್ತಾ ಇದ್ದಳು. "ಅವ್ರೇನು ಮಾಡಾರು? ಕೊಟ್ಟೋರಿಗೆ ಕೊಡ್ತಾರೆ. ಈ ಮನೇಲಿ ಕೊಡೋ ಕೈ ಇದ್ರಲ್ವ?" ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಕೆಂಪಾಜಮ್ಮ ಕಾಣಿಸಿಕೊಂಡಳು. ಕೆಲಸಕ್ಕೆ ಬಂದವಳ ಹಾಗೆ ಸೆರಗು ಕಟ್ಟಿರಲಿಲ್ಲ, ನೋಡಲು ಬಂದವಳ ಹಾಗೆ ಇದ್ದಳು. ಇದಕ್ಕೇ ಅಲ್ಲವೆ ಇಷ್ಟು ಭಾನುವಾರ ಕಾದದ್ದು. ಮಂಗಳಮ್ಮಣ್ಣಿ ಸೆರಗಿನ ಒಳಗಿಂದ ಎರಡೂ ಕೈ ಹೊರಗೆ ತೆಗೆದು ಎದೆಯ ಮುಂದೆ ಹಿಡಿದಳು. ಕೆಂಪಾಜಮ್ಮ ಹತ್ತಿರ ಬಂದು ನೋಡಿದಳು. "ಅಯ್ಯೋ ಶಿವನೇ! ಇದೇನ್ಲವ್ವ ಇದು, ಬಾಳೆಕಾಯಿ ಆದಂಗಾಗವೆ ಬೆರಳು! ಬಸಮ್ಮಾರೆ, ನಿಮ್ ಸೊಸೆ ಕೈಯ ನೋಡ್ನಿಲ್ವ ನೀವು?" ಅತ್ತೆ ತಟ್ಟೆ ಬಿಟ್ಟು ಬಂದಳು, ನೋಡಿದಳು, ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಕೆಂಪಾಜಮ್ಮ ಸರಸರನೆ ಹೊರಗೆ ಹೋಗಿ ಬೀದಿಯಲ್ಲಿ ನಿಂತು ಕೂಗಿದಳು, ಯಾರ ಯಾರ ಹೆಸರು ಹಿಡಿದೋ ಕರೆದಳು. ಕೆಲಸ ಇದೆ ಅಂದವರೆಲ್ಲ ಸೆರಗು ಬಿಗಿದುಕೊಂಡು ಬಂದರು.

ಎಲ್ಲವೂ ಅವಳು ಅಂದುಕೊಂಡ ಹಾಗೆಯೇ ಆಯಿತು. ಪ್ಲಾಸ್ಟಿಕ್ ಕುರ್ಚಿ ತಂದು ಹುಳದ ಮನೆಯ ಬಾಗಿಲಲ್ಲಿ ಹಾಕಿ ಕೂರಿಸಿದರು. ಬಂದವರೆಲ್ಲ ಒಳಗೆ ಹೋಗುವ ಮುಂಚೆ ಅವಳ ಕೈ ನೋಡಿ ಒಂದೊಂದು ಮಾತು ಬಿಟ್ಟುಹೋದರು, ದೇವಸ್ಥಾನದಲ್ಲಿ ಗಂಟೆ ಹೊಡೆದು ಒಳಗೆ ಹೋಗುವವರ ಹಾಗೆ. "ಪಾಪ, ಒಳಗೇ ನುಂಗ್ಕಂಡಿದ್ಲು." "ನಾವೇ ತಪ್ ತಿಳ್ಕಂಡ್ವಿ ಕಣವ್ವ." ಅತ್ತೆ ಕಾಫಿಯನ್ನು ಆರಿಸಿ ಲೋಟವನ್ನು ತಾನೇ ತುಟಿಗೆ ಹಿಡಿದಳು. ಆಮೇಲೆ ಗೂಡಿನಲ್ಲಿದ್ದ ಬಾಚಣಿಗೆ ತಂದಳು, ಆ ಎರಡು ಮಾರು ದೂರದ ಬಾಚಣಿಗೆ, ಹಿಂದೆ ನಿಂತು ಸಿಕ್ಕು ಬಿಡಿಸತೊಡಗಿದಳು. "ಎಷ್ಟು ಕೂದ್ಲು ಉದುರೋಗದೆ ನನ್ನವ್ವ" ಎಂದಳು. ನನ್ನವ್ವ ಎಂದಳು. ಮಂಗಳಮ್ಮಣ್ಣಿ ಕಾದಳು, ಈಗ ಹಗುರವಾಗುತ್ತದೆ, ಈಗ ಆಗುತ್ತದೆ ಎಂದು. ಏನೂ ಆಗಲಿಲ್ಲ. ಅತ್ತೆಯ ಬೆರಳು ನೆತ್ತಿಯ ಮೇಲೆ ಓಡಾಡುತ್ತಿದ್ದವು, ಒಳಗಿನ ಜಾಗ ಮಾತ್ರ ಮೊದಲಿನ ಹಾಗೇ ಬಣಬಣ. ಇಷ್ಟು ದಿನ ಆ ಬಣಬಣಕ್ಕೆ ಒಂದು ಕಾರಣ ಹೇಳಿಕೊಳ್ಳಬಹುದಿತ್ತು, ಯಾರೂ ನಂಬುವುದಿಲ್ಲ ಎಂದು. ಈಗ ಅದೂ ಹೋಯಿತು. ಜೊತೆಗೆ ನೋವು. ಕುರ್ಚಿಯ ಹಿಡಿಕೆಗೆ ತಾಗಿದರೂ ಕಣ್ಣು ಕತ್ತಲೆ ಬರುವ ನೋವು. ಇದು ಇಷ್ಟು ನೋಯುತ್ತದೆ ಎನ್ನುವುದನ್ನು ಅವಳು ಮರೆತೇಬಿಟ್ಟಿದ್ದಳು. ಊತವನ್ನು ಕರೆದದ್ದು ಸಾಕ್ಷಿಗೆಂದು, ಅದು ಬಂದದ್ದು ನೆಂಟನ ಹಾಗೆ, ಹಾಸಿಗೆ ಸುತ್ತಿಕೊಂಡು.

ಹೊತ್ತು ಏರಿದಂತೆ ಒಳಗೆ ಹೆಂಗಸರ ಮಾತು, ನಗು, ಚಂದ್ರಿಕೆ ಎತ್ತಿಡುವ ಸದ್ದು. ಕುರ್ಚಿಯಲ್ಲಿ ಕೂತಿರುವುದು ಅವಳಿಗೆ ತಡೆಯಲಾಗಲಿಲ್ಲ. ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಕೊನೆಯ ತಟ್ಟೆಯ ಮುಂದೆ ನಿಂತಳು. ಒಂದು ಹುಳ, ಕಡ್ಡಿಯ ತುದಿಗೆ ಹತ್ತಿ, ತಲೆಯನ್ನು ಆಚೆ ಈಚೆ ತೂಗುತ್ತಿತ್ತು, ಬೆಳಕಿಗೆ ಹಿಡಿದರೆ ಒಳಗಿನ ನೂಲೆಲ್ಲ ಕಾಣುವಷ್ಟು ತಿಳಿ. ತಾಯಿ ಕೈ. ಒಂದಾದರೂ ಎತ್ತಿಡೋಣ ಎಂದು ಬೆರಳು ಚಾಚಿದಳು. ಹಿಡಿದದ್ದು ಅವಳಿಗೆ ತಿಳಿಯಲಿಲ್ಲ. ಎಷ್ಟು ಬಿಗಿಯಾಗಿ ಹಿಡಿದೆ ಎನ್ನುವುದೂ ತಿಳಿಯಲಿಲ್ಲ. ಹುಳ ಒಡೆದು ಬೆರಳ ಸಂದಿಯಲ್ಲಿ ಹಳದಿ ಅಂಟು ಇಳಿಯಿತು, ನೂಲಾಗಬೇಕಿದ್ದದ್ದು. ಎದುರಿಗೆ ಅತ್ತೆ ನೋಡುತ್ತಿದ್ದಳು. ಈ ಮನೆಯಲ್ಲಿ ಹಣ್ಣಾದ ಹುಳವನ್ನು ಹಿಸುಕಿದವರಿಗೆ ಏನು ಬೈಗುಳ ಬೀಳುತ್ತಿತ್ತು ಎಂದು ಅವಳಿಗೆ ಗೊತ್ತು. ಬೈಯಲಿ ಎಂದು ಕಾದಳು. ಅತ್ತೆ ತನ್ನ ಸೆರಗಿನ ತುದಿಯಿಂದಲೇ ಆ ಬೆರಳು ಒರೆಸಿದಳು. "ಓಗ್ಲಿ ಬುಡು, ಒಂದುಳ. ನೀ ಯಾಕೆ ಬಂದೆ ಇಲ್ಲಿಗೆ? ಓಗಿ ಮನಿಕೊ." ಓಗಿ ಮನಿಕೊ. ವರ್ಷಗಟ್ಟಲೆ ಈ ಎರಡು ಮಾತಿಗೆ ಕಾದಿದ್ದಳು. ಇಷ್ಟು ಕೊಟ್ಟು ಕೊಂಡದ್ದು ಇಷ್ಟೇ ಇಷ್ಟು.

ನಡುಮನೆಯಲ್ಲಿ ಮಲಗಿದ್ದಾಗ ಕೆಂಪಾಜಮ್ಮ ಬಂದಳು. ಎಲ್ಲರಿಗೂ ಅನ್ನ ಬಡಿಸಿ ಆಗಿತ್ತು, ಕೈ ತೊಳೆದುಕೊಂಡು ಸೆರಗಿಗೆ ಒರೆಸುತ್ತ ಬಂದು ಚಾಪೆಯ ಅಂಚಿನಲ್ಲಿ ಕುಕ್ಕರಿಸಿದಳು. ಅವಳ ಮುಖ ನೋಡಿದಳು, ಡಾಕ್ಟರಮ್ಮ ನೋಡಿದ ಹಾಗೆಯೇ. "ನಂಗೆ ಹೊಟ್ಟೆನೋವಿತ್ತಲ್ಲ ಅಮ್ಮಣ್ಣಿ, ಗ್ಯಾನ ಅದಾ?" ಎಂದಳು. ಯಾರಿಗೆ ನೆನಪಿಲ್ಲ? ಕೊನೆಯ ಮಗು ಆದ ಮೇಲೆ ಎರಡು ಮೂರು ವರ್ಷ ಕೆಂಪಾಜಮ್ಮನ ಹೊಟ್ಟೆನೋವು ಊರಿಗೆಲ್ಲ ಗೊತ್ತಿದ್ದದ್ದೇ, ತೋರಿಸದ ಆಸ್ಪತ್ರೆಯಿಲ್ಲ, ಕಟ್ಟಿಸದ ಯಂತ್ರವಿಲ್ಲ. "ಅದು ಹೊಟ್ಟೇದಲ್ಲ" ಎಂದಳು ಕೆಂಪಾಜಮ್ಮ, ಬಾಗಿಲ ಕಡೆ ಒಮ್ಮೆ ನೋಡಿ. "ಹೊಟ್ಟೆ ಒಸಿಯೂ ನೋಯ್ತಿರ್ನಿಲ್ಲ. ಮಗೀನ ಎತ್ಕಳಕೆ ಮನ್ಸಿಲ್ಲ ಅಂತ ಯಾರಿಗ್ ಹೇಳಾನೆ? ಹೊಟ್ಟೆ ಅಂದಿ. ಹೊಟ್ಟೆ ಅಂದ್ರೆ ನಂಬ್ತಾರೆ." ಇನ್ನೂ ಮೆಲ್ಲಗೆ, "ಅವತ್ತು ನಿನ್ ಕೈಯ ಎತ್ತಿ ತೋರುಸ್ದಾಗ ನಿನ್ ಮಕ ನೋಡ್ದೆ. ಮನೆಗೋಗಿ ನಿದ್ದೆ ಬರ್ನಿಲ್ಲ ಕಣವ್ವ ನಂಗೆ. ಅದ್ಕೇ ಇವತ್ತು ಬಂದಿ. ನಿಂದೂ ಬರೀ ಕೈಯೇನಾ?" ಡಾಕ್ಟರಮ್ಮನ ಮುಂದೆ ಆಡದ ಮಾತೇ ಮಂಗಳಮ್ಮಣ್ಣಿಯ ನಾಲಿಗೆಗೆ ಬಂತು. ಅಲ್ಲಕ್ಕ, ಬರೀ ಕೈಯಲ್ಲ. ಎಷ್ಟು ಸಣ್ಣ ಮಾತು. ಅದನ್ನು ಅಂದರೆ ಈ ಊತ ಎಲ್ಲಿಂದ ಬಂತು ಎನ್ನುವುದನ್ನೂ ಹೇಳಬೇಕಾಗುತ್ತದೆ. ಈಗ ತಾನೇ ಊರಿನ ಹೆಂಗಸರು ಬೆವರು ಸುರಿಸಿ ಎತ್ತಿದ ಒಂದೊಂದು ಹುಳವೂ ಸುಳ್ಳಿನ ಲೆಕ್ಕಕ್ಕೆ ಬೀಳುತ್ತದೆ. ಒಳಗಿಂದ ಅತ್ತೆಯ ಧ್ವನಿ ಕೇಳುತ್ತಿತ್ತು, ಪಾಪ ನಮ್ ಹುಡ್ಗಿ ಎಂದು ಯಾರಿಗೋ ಹೇಳುತ್ತಿದ್ದಳು. "ಕೈಯೇ ಕೆಂಪಾಜಕ್ಕ" ಎಂದಳು. "ಬರೀ ಕೈಯೇ." ಕೆಂಪಾಜಮ್ಮ ತಲೆಯಾಡಿಸಿದಳು. ಮಂಡಿ ಹಿಡಿದು ಎದ್ದಳು. "ಆಗ್ಲಿ ಅಂಗಾದ್ರೆ. ಕೈಯಾದ್ರೆ ಮಾತ್ರೆ ಅದೆ" ಎಂದು ಹೊರಟುಹೋದಳು. ಅವಳ ಹಿಂದೆಯೇ ಕೂಗಿ ಕರೆಯಬೇಕೆನಿಸಿ ಮಂಗಳಮ್ಮಣ್ಣಿ ಗೋಡೆಗೆ ತಿರುಗಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಹೆಂಗಸರೆಲ್ಲ ಹೋಗಿದ್ದರು. ಅಂಗಳದಲ್ಲಿ ಚಂದ್ರಿಕೆಗಳನ್ನು ಓರೆಯಾಗಿ ಸಾಲಾಗಿ ನಿಲ್ಲಿಸಿದ್ದರು. ಸುರುಳಿ ಸುರುಳಿಯಲ್ಲೂ ಒಂದೊಂದು ಹುಳ ತನ್ನ ಸುತ್ತ ತಾನೇ ನೂಲು ಸುತ್ತಿಕೊಳ್ಳುತ್ತಿತ್ತು. ಕೆಲವು ಆಗಲೇ ಮಬ್ಬುಮಬ್ಬಾಗಿ ಮರೆಯಾಗಿದ್ದವು. ಷಡಕ್ಷರಿ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ, ಮಾತ್ರೆ ಮತ್ತು ನೀರು ತಂದ. ಭಾನುವಾರ. ಎಂದಿನ ಹಾಗೆ ಹಳದಿ ಮಾತ್ರೆಗಳನ್ನು ಅವಳ ಅಂಗೈಗೆ ಸುರಿದ. ಅವಳು ಮುಷ್ಟಿ ಮುಚ್ಚಲು ಹೋದಳು. ಬೆರಳು ಮಡಿಯಲಿಲ್ಲ. ಮಾತ್ರೆಗಳು ಅಂಗೈಯಿಂದ ಜಾರಿ ಮಡಿಲಿಗೆ, ಮಡಿಲಿನಿಂದ ಚಾಪೆಗೆ ಉರುಳಿದವು. ಷಡಕ್ಷರಿ ಮಂಡಿಯೂರಿ ಒಂದೊಂದನ್ನೇ ಹುಳ ಎತ್ತುವಷ್ಟು ಹುಷಾರಾಗಿ ಎತ್ತಿಕೊಂಡ, ಊದಿ ಧೂಳು ಹಾರಿಸಿದ. "ಬಾಯಿ ತೆಗಿ" ಎಂದ. ಮದುವೆಯಾದಾಗಿನಿಂದ ಅವನು ಅವಳ ಬಾಯಿಗೆ ಏನನ್ನೂ ಇಟ್ಟವನಲ್ಲ. ಒಂದನ್ನು ನಾಲಿಗೆಯ ಮೇಲಿಟ್ಟು ಲೋಟ ಹಿಡಿದ. "ನಾಳೆನೇ ಕೊಳ್ಳೇಗಾಲಕ್ಕೆ ಓಗಿ ಯಾರಿಗಾರ ತೋರ್ಸ್ಕಂಡ್ ಬರಾನ. ಈ ಕೈ ಒಂದು ಗುಣ ಆಗ್ಲಿ, ಎಲ್ಲ ಸರೋಯ್ತದೆ."

ಅವಳು ಆ ಒಂದನ್ನು ನುಂಗಿದಳು. ಆಮೇಲೆ ಅವನ ಹಣೆ ನೋಡುತ್ತ ಹೇಳಿದಳು, "ಕೈ ಗುಣ ಆಗೋಯ್ತದಲ್ಲ, ಅದ್ಕೇ ಕಣ್ರಿ ನಂಗೆ ಎದ್ರಿಕೆ."

ಷಡಕ್ಷರಿ ಲೋಟವನ್ನು ಚಾಪೆಯ ಪಕ್ಕ ಕೆಳಗಿಟ್ಟ.

"ಮಾತ್ರೆ ನಾನೇ ನುಂಗ್ನಿಲ್ಲ. ದೀಪಾವಳಿ ಇಂದ. ತಿಪ್ಪೆಗ್ ಎಸ್ದುಬುಟ್ಟೆ. ಊದ್ಲಿ ಅಂತ." ಒಮ್ಮೆ ಶುರುವಾದ ಮೇಲೆ ಕಷ್ಟವಿರಲಿಲ್ಲ. "ಊದ್ದೇ ಇದ್ರೆ ನಾನು ಮನಿಕಳಂಗಿಲ್ವಲ್ಲ. ಊದ್ನಿಲ್ಲ ಅಂದ್ರೂ ನಂಗೆ ಏಳಾಕಾಗಾಕಿಲ್ಲ ಕಣ್ರಿ. ಏಳಾಕೇ ಆಗಾಕಿಲ್ಲ."

ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅವಳಿಗೆ ಅವನ ಕಣ್ಣಿನಲ್ಲಿ ಕಂಡಿತು, ಅನುಮಾನವೇ ಇಲ್ಲ. ಯಾಕೆ ಎಂದು ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಅವಳು ಕಾದಳು. ಕೇಳಿದರೆ ಡಾಕ್ಟರಮ್ಮ ಅಂದದ್ದನ್ನೆಲ್ಲ ಅವನಿಗೆ ಇನ್ನೊಮ್ಮೆ ನೆನಪಿಸಬೇಕು, ಒಬ್ಬಳೇ ಹೋಗಿಬರುತ್ತೇನೆ ಎನ್ನಬೇಕು. ಷಡಕ್ಷರಿ ತಲೆ ತಿರುಗಿಸಿ ಅಂಗಳದ ಕಡೆ ನೋಡಿದ. ಅತ್ತೆ ಚಂದ್ರಿಕೆಗಳ ನಡುವೆ ಓಡಾಡುತ್ತ, ಕೆಳಗೆ ಬಿದ್ದ ಹುಳಗಳನ್ನು ಹುಡುಕಿ ಮೇಲೆ ಬಿಡುತ್ತಿದ್ದಳು. ಅವನು ಎದ್ದು ಹೋಗಿ ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿ ಬಂದ. ಬಗ್ಗಿ, ಬಸ್ಸಿನಲ್ಲಿ ಮಾತಾಡಿದಷ್ಟೇ ಮೆಲ್ಲಗೆ, ಮುದ್ದಿನಿಂದಲೇ ಹೇಳಿದ:

"ಇದ ಯಾರ ಮುಂದೂ ಅನ್ಬ್ಯಾಡ ಮಂಗಳ. ಅವ್ವನ ಮುಂದೂ ಬ್ಯಾಡ. ಇವತ್ತು ಊರೇ ಬಂದು ಮುಯ್ಯಾಳು ಮಾಡೋಗದೆ. ನಿನ್ ಕೈಯ ನೋಡಿ ಬಂದೋರು ಅವರು."

ಮಾತ್ರೆ ಹಿಡಿದ ಅವನ ಬೆರಳು ತುಟಿಯ ಹತ್ತಿರ ಕಾಯುತ್ತಿತ್ತು. ಅವಳು ಬಾಯಿ ತೆರೆದಳು. ಒಂದೊಂದಾಗಿ ಎಲ್ಲವನ್ನೂ ನುಂಗಿಸಿ, ನಾಲಿಗೆಯಡಿ ಏನೂ ಉಳಿದಿಲ್ಲ ಎಂದು ಖಾತ್ರಿಮಾಡಿಕೊಂಡು, ಅವನು ಸೆರಗಿನಿಂದ ಅವಳ ತುಟಿ ಒರೆಸಿದ. ಹೊರಗೆ ಅತ್ತೆ ಯಾರಿಗೋ, ಸದ್ದು ಮಾಡ್ಬ್ಯಾಡಿ, ಮಂಗಳ ಮನಗವಳೆ ಎನ್ನುತ್ತಿದ್ದಳು. ಹೋದ ಸಲ ಕೈ ಇಳಿಯಲು ಒಂದು ಇಡೀ ಮಳೆಗಾಲ ಹಿಡಿದಿತ್ತು. ಈ ಸಲವೂ ಅಷ್ಟು ಹಿಡಿದರೆ ಅಲ್ಲಿಯವರೆಗೆ ಯಾರೂ ಎಬ್ಬಿಸುವುದಿಲ್ಲ ಎಂದು ಲೆಕ್ಕ ಹಾಕುತ್ತ ಮಂಗಳಮ್ಮಣ್ಣಿ ಉಳಿದ ನೀರನ್ನು ಕುಡಿದಳು.